ಎರಡು ಬೆರಳು ದೊಡ್ಡ ಬಟನ್

ಮಿರಜದ ಹತ್ತಿರದ ಆರಗ ಊರಿನ ಕಾಜಲ ಬಿ.ಎಸ್ಸಿ. ಕಂಪ್ಯೂಟರ್ ಮುಗಿಸಿ ಕುಪವಾಡದ ಅರಿಶಿನ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳ ತಾಯಿ ಕೆಂಪವ್ವ ಓಣಿಯ ಎಲ್ಲರಿಗೂ ಒಂದೇ ಮಾತು ಹೇಳಿದಳು: "ನಮ್ಮ ಹುಡುಗಿ ಸ್ಕ್ರೀನ್ ಮಾಡತಾಳ."

ಮಾತು ಸುಳ್ಳಲ್ಲ. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ಎರಡು ಕೆಟ್ಟ ಟಿವಿ ಮತ್ತು ಗಾಜು ಒಡೆದ ಮೂರು ಮೊಬೈಲು ಬಂದು ಕೂತವು. ಕಾಜಲ ಒಬ್ಬೊಬ್ಬರಿಗೂ ತಿಳಿಸಿ ಹೇಳಿದಳು. ತಾನು ಮಾಡುವುದು ಗಾಜಲ್ಲ, ಗಾಜಿನ ಒಳಗೆ ಕಾಣುವ ಕಿಟಕಿ, ಆ ಕಿಟಕಿಯೊಳಗಿನ ಬಟನ್ನು, ಖಾನೆ, ಪಟ್ಟಿ. ಅದನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆಯಬೇಕು. ಟಿವಿ ತಂದಿದ್ದ ಮುದುಕ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಹದಿನೈದು ವರ್ಷ ಸಾಲಿ ಕಲ್ತು ಟಿವಿನೂ ಬರಂಗಿಲ್ಲಂದ್ರ ಹೆಂಗವಾ?" ಎಂದು ಅದನ್ನು ಮತ್ತೆ ಹೆಗಲ ಮೇಲೆ ಇಟ್ಟುಕೊಂಡು ಹೋದ.

ಕೆಂಪವ್ವ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುತ್ತಾಳೆ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಕಾಜಲ ಒಬ್ಬಳೇ. ಆದ್ದರಿಂದಲೋ ಏನೋ, ಅವಳಿಗೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಲು ಬರುವುದಿಲ್ಲ. ನೋಟ್‌ಬುಕ್ಕಿನ ಅಂಚಿಗೆ ಗೆರೆ ಹೊಡೆಯದೆ ಒಂದು ಸಾಲೂ ಬರೆದವಳಲ್ಲ. ಆದರೂ ಮಿರಜದ ಒಂದು ಝೆರಾಕ್ಸ್ ಅಂಗಡಿಯವರು "ಮೂರು ತಿಂಗಳು ನೋಡೂನು" ಎಂದು ಇಟ್ಟುಕೊಂಡು, ಮೂರು ತಿಂಗಳಾದ ಮೇಲೆ ನೋಡಿದ್ದಾಯಿತೆಂದು ಕಳಿಸಿದ್ದರು. ಸಾಂಗ್ಲಿಯ ಒಂದು ಕಂಪ್ಯೂಟರ್ ಕ್ಲಾಸಿನವರೂ ಹಾಗೆಯೇ ನೋಡಿ ಕಳಿಸಿದ್ದರು. ಕುಪವಾಡದ್ದು ಮೂರನೆಯ ಕೆಲಸ. ಇಲ್ಲಿಯೂ ಮೂರು ತಿಂಗಳ ಮಾತೇ. ಆ ಮೂರು ತಿಂಗಳು ಬರುವ ಶನಿವಾರಕ್ಕೆ ಮುಗಿಯುತ್ತಿದ್ದವು.

ಗೋದಾಮು ಮೂರು ಜನ ಒಡಹುಟ್ಟಿದವರದು. ಎಲ್ಲರಿಗಿಂತ ಹಿರಿಯಳು ಸರುಬಾಯಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ವ್ಯಾಪಾರದ ಕಾಗದಪತ್ರಗಳಿಗೆಲ್ಲ ಸಹಿ ಮಾಡುವವಳು. ಅವಳಿಗಿಂತ ಒಂಬತ್ತು ವರ್ಷಕ್ಕೆ ಸಣ್ಣವರು ಕಾಡಪ್ಪ ಸಾವಕಾರರು, ಅವರಿಗಿಂತ ಆರು ವರ್ಷಕ್ಕೆ ಸಣ್ಣವರು ಬಸವಪ್ರಸಾದ ಸಾವಕಾರರು. ಕಾಜಲಳ ಕೆಲಸದ ಬಗ್ಗೆ ಸರುಬಾಯಿ ಮೊದಲ ದಿನವೇ ಕರಾರು ಹಾಕಿದ್ದಳು.

"ನನಗ ಕಂಪ್ಯೂಟರ ತಿಳಿಯಂಗಿಲ್ಲ. ನನ್ನ ತಮ್ಮಂದಿರು ಇಬ್ಬರೂ ನೋಡಿ 'ಆತು' ಅಂದ್ರ ನಾ ನಿನ್ನ ಕಾಯಂ ಪತ್ರಕ್ಕ ಸಹಿ ಮಾಡತೇನಿ. ಒಬ್ಬಾಂವ ಅಂದು ಒಬ್ಬಾಂವ ಅನ್ನಲಿಲ್ಲಂದ್ರ ಇಲ್ಲ."

ಕೆಲಸವೇನೋ ಸರಳವಾಗಿತ್ತು. ಗಾಡಿ ಬಂದಾಗ ಅರಿಶಿನದ ಚೀಲಗಳನ್ನು ಕಾಟಾದ ಮೇಲಿಟ್ಟು ತೂಗಬೇಕು. ಪಕ್ಕದ ಕಂಪ್ಯೂಟರಿನಲ್ಲಿ ಮಾಲು ಯಾರದೋ ಅವರ ಹೆಸರಿನ ಬಟನ್ ಒತ್ತಿದರೆ ತೂಕ ಅವರ ಹೆಸರಿಗೆ ಸೇರಬೇಕು. ಒತ್ತುವವನು ಪಾಯಪ್ಪ, ಮೂವತ್ತು ವರ್ಷದಿಂದ ಕಾಟಾದ ಪಕ್ಕದಲ್ಲೇ ಕೂತವನು. ಅವನ ಕೈ ಯಾವಾಗಲೂ ಅರಿಶಿನ. ಮೌಸಿಗೆ ಬಣ್ಣ ಹತ್ತಬಾರದೆಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿಗೆ ರಬ್ಬರ್ ಹಾಕಿದ್ದ.

ಮಂಗಳವಾರ ಕಾಜಲ ತನ್ನ ಕಿಟಕಿಯನ್ನು ಮೊದಲ ಸಲ ತೆರೆದು ತೋರಿಸಿದಳು. ಅಕ್ಕಪಕ್ಕದಲ್ಲಿ ಎರಡು ಹಳದಿ ಬಟನ್. ಒಂದರ ಮೇಲೆ 'ಕಾಡಪ್ಪ', ಇನ್ನೊಂದರ ಮೇಲೆ 'ಬಸವಪ್ರಸಾದ'.

ಕಾಡಪ್ಪ ಸಾವಕಾರರು ಕುರ್ಚಿ ಎಳೆದುಕೊಂಡು ಕೂತು ನೋಡಿದರು. ಚಹಾ ಬಂತು, ಕುಡಿದರು. ಮತ್ತೆ ನೋಡಿದರು.

"ಕಾಜಲ, ನಂದ್ಯಾಕ ಸಣ್ಣದೈತಿ?"

"ಏನ್ರಿ ಸಾವಕಾರ್ರ?"

"ನನ್ನ ಬಟನ್. ತಮ್ಮಂದು ಉದ್ದಕ ಮಲಗೇತಿ. ನಂದು ಮೂಲ್ಯಾಗ ಕುಂತ ಮೊಲದಂಗ ಐತಿ."

ಕಾಜಲ ವಿನಯದಿಂದ ವಿವರಿಸಿದಳು. ಬಟನ್ನಿಗೆ ಅಳತೆ ಹೇಳದಿದ್ದರೆ ಅದು ತನ್ನ ಮೇಲಿನ ಅಕ್ಷರಗಳು ಹಿಡಿಸುವಷ್ಟೇ ಅಗಲವಾಗುತ್ತದೆ. ಸಾವಕಾರರ ಹೆಸರು ಗಿಡ್ಡ, ತಮ್ಮನವರದು ಉದ್ದ.

"ಅಂದ್ರ ಅಪ್ಪ ನನಗ ಗಿಡ್ಡ ಹೆಸರಿಟ್ಟಿದ್ದಕ್ಕ ನಾ ಸಣ್ಣಾಂವ ಆದ್ನೇನ?"

"ಇಲ್ರಿ, ಇಲ್ರಿ. ಈಗ ಸರಿ ಮಾಡತೇನ್ರಿ."

ಅವಳು 'ಕಾಡಪ್ಪ' ಎಂಬುದರ ಎರಡೂ ಬದಿಗೆ ಖಾಲಿ ಜಾಗ ತುಂಬಿ, ಎರಡೂ ಬಟನ್ ಹೆಚ್ಚು ಕಡಿಮೆ ಸಮ ಮಾಡಿದಳು. ಕಾಡಪ್ಪನವರು ಇನ್ನೂ ಬೇಸರಗೊಂಡರು.

"ಸಮಾ ಮಾಡಂತ ಯಾರು ಹೇಳಿದ್ರು? ಸಾಂಗ್ಲಿ ಅಂಗಡ್ಯಾಗ ನಮ್ಮ ಗಾದಿ ನೋಡೀಯೇನ? ನಂದು ಅಂವಂದಕ್ಕಿಂತ ಎರಡು ಬೆರಳು ಅಗಲ. ಊಟಕ್ಕ ಕೂಡೂ ಮಣಿ ಎರಡು ಬೆರಳು ಅಗಲ. ಒರಗೂ ಲೋಡು ಎರಡು ಬೆರಳು ಉದ್ದ. ಅಪ್ಪ ಹಾಕಿಕೊಟ್ಟ ಪದ್ಧತಿ ಇದು. ಕಂಪ್ಯೂಟರ್ ಬಂತಂತ ಬಿಡೂದಲ್ಲ."

ಇದು ನಿಜವೇ ಆಗಿತ್ತು. ಆ ಮನೆಯಲ್ಲಿ ಹಿರಿತನವನ್ನು ಬೆರಳಿನಿಂದ ಅಳೆಯುತ್ತಿದ್ದರು. ಗಾದಿ ಹೊಲಿಯುವವನು ಬಂದರೆ ಕಾಡಪ್ಪನವರು ತಮ್ಮ ಬಲಗೈಯ ತೋರುಬೆರಳು, ನಡುಬೆರಳು ಜೋಡಿಸಿ ಬಟ್ಟೆಯ ಮೇಲೆ ಇಡುತ್ತಿದ್ದರು. ಈಗ ಅದೇ ಎರಡು ಬೆರಳನ್ನು ತಂದು ಮಾನಿಟರಿನ ಮೇಲೆ ಇಟ್ಟರು. "ಇಷ್ಟ. ಹೆಚ್ಚ ಬ್ಯಾಡ, ಕಮ್ಮೀನೂ ಬ್ಯಾಡ."

ಕಾಜಲ ಬೇರೆಯವರಂತೆ ಅಂದಾಜು ಮಾಡುವವಳಲ್ಲ. ದರ್ಜಿಯ ಟೇಪು ತರಿಸಿದಳು. ಸಾವಕಾರರ ಬೆರಳು ಅಳೆದಳು, ನಾಲ್ಕು ಸೆಂಟಿಮೀಟರು. ಮಾನಿಟರ್ ಅಳೆದಳು. ಪರದೆಯೆಲ್ಲ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆಗಿದೆ ಎಂದು ಕಾಲೇಜಿನಲ್ಲಿ ಕಲಿತಿದ್ದಳು. ಎರಡು ಬೆರಳಿಗೆ ನೂರ ಅರವತ್ತು ಚುಕ್ಕೆ, ತಮ್ಮನ ಬಟನ್ನಿಗೆ ಇನ್ನೂರ ಇಪ್ಪತ್ತು ಚುಕ್ಕೆ, ಕೂಡಿಸಿದರೆ ಮುನ್ನೂರ ಎಂಬತ್ತು. ಎರಡು ಸಲ ಕೂಡಿಸಿ ನೋಡಿದಳು. ಬುಧವಾರ ಬೆಳಿಗ್ಗೆ ಅಣ್ಣನ ಬಟನ್ನಿನ ಅಗಲ ಮುನ್ನೂರ ಎಂಬತ್ತು ಎಂದು ಬರೆದು ಪ್ರೋಗ್ರಾಮು ಓಡಿಸಿದಳು.

ಕಿಟಕಿ ತೆರೆಯಿತು. ಪರದೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ಒಂದು ಬಟನ್. ನಡುವೆ, ಹೊಲದ ನಡುವಿನ ಬಾವಿಯಂತೆ, 'ಕಾಡಪ್ಪ'. ತಮ್ಮ ಎಲ್ಲೂ ಇಲ್ಲ.

ಕಾಜಲ ಬರೆದ ಅಂಕೆಯನ್ನು ಮತ್ತೊಮ್ಮೆ ನೋಡಲು ಬಗ್ಗಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ತೃಪ್ತಿಯ ಉಸಿರು ಕೇಳಿಸಿತು. ಕಾಡಪ್ಪ ಸಾವಕಾರರು ಯಾವಾಗ ಬಂದು ನಿಂತಿದ್ದರೋ.

"ಹ್ಞಾಂ," ಎಂದರು. "ಈಗ ಆತು ನೋಡು."

"ಸಾವಕಾರ್ರ, ಇದು ಎರಡು ಬೆರಳು ಅಲ್ರಿ, ಏನೋ ತಪ್ಪಾಗಿ..."

"ಆತು ಅಂದೆ. ಹಿರೇರು ಆತು ಅಂದ ಮ್ಯಾಲ ಮುಟ್ಟಬಾರದು."

ಕಾಜಲ ಕೀಲಿಮಣೆಯಿಂದ ಕೈ ತೆಗೆದಳು. ಎರಡು 'ಆತು'ಗಳಲ್ಲಿ ಒಂದು ಸಿಕ್ಕಿತ್ತು. ಆದರೆ ಅದು ಸಿಕ್ಕಿದ್ದು ತಪ್ಪಿಗೆ. ಅದನ್ನು ತಿದ್ದಿದರೆ ಹೋಗುತ್ತದೆ, ತಿದ್ದದಿದ್ದರೆ ಇನ್ನೊಂದು ಬರುವುದಿಲ್ಲ.

ಹತ್ತು ಗಂಟೆಗೆ ಬಸವಪ್ರಸಾದ ಸಾವಕಾರರು ಮೋಟರ್‌ಸೈಕಲ್ಲಿನಿಂದ ಇಳಿದು, ಕನ್ನಡಕ ತೆಗೆದು ಒರೆಸಿ, ಪರದೆ ನೋಡಿದರು. "ಅರೇ, ಹೇ ಕಾಯ? ಏನಿದು? ನಾ ಎಲ್ಲಿ?"

ಕಾಜಲ ಉತ್ತರ ಹುಡುಕುವ ಮೊದಲೇ ಪಾಯಪ್ಪ ಕಾಟಾದ ಹತ್ತಿರದಿಂದ ಹೇಳಿದ: "ನೀವು ಬಲಕ್ಕ ಅದೀರಿ ಸಾವಕಾರ್ರ. ಪರದಿ ಮುಗದೈತಿ, ಅದರ ಆಚೆ. ನಿಮ್ಮ ಬಟನ್ ಒತ್ತಬೇಕಂದ್ರ ಗ್ವಾಡಿ ಒತ್ತಬೇಕಾಗತೈತಿ."

"ಪಾಯಪ್ಪ, ಬಾಯಿ ಮುಚ್ಚು!"

"ಮುಚ್ಚಿದ್ನ್ರಿ. ಆದ್ರ ನಿಮ್ಮ ಐದು ಚೀಲ ಬಂದು ನಿಂತಾವು. ಗ್ವಾಡಿ ಒತ್ತಲ್ಯೋ ಹೆಂಗ?"

ಬಸವಪ್ರಸಾದರು ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿದರು. ಅಣ್ಣನೊಂದಿಗೆ ಎದುರು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅದರ ಬದಲು ಅವರು ಕಾಜಲಳೊಂದಿಗೆ ಮಾತಾಡಿದರು. "ನಂದು ದೊಡ್ಡದ ಮಾಡು ಅನ್ನಂಗಿಲ್ಲ ನಾ. ನನ್ನ ಬಟನ್ ಮ್ಯಾಲ ನನ್ನ ಫೋಟೋ ಹಾಕು. ಈಗಿನ ಕಾಲದಾಗ ಹೆಸರು ಯಾರು ಓದತಾರ? ಫೋಟೋ ಇದ್ರ ನಾನೂ 'ಆತು' ಅಂತೇನಿ." ಹಾಗೆಂದು ತಮ್ಮ ಮೊಬೈಲಿನಿಂದ ಒಂದು ಫೋಟೋ ಕಳಿಸಿದರು. ಯಾವುದೋ ಮದುವೆಯದು, ಹಣೆಯ ತುಂಬ ವಿಭೂತಿ, ಕೆಳಗೆ ಹುರಿಮೀಸೆ.

ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡೇ ಕಾಜಲ ಕಂಪ್ಯೂಟರಿನಲ್ಲಿ ಓದಿ ತನ್ನ ತಪ್ಪು ಕಂಡುಹಿಡಿದಳು. ಅವಳು ಬಳಸುತ್ತಿದ್ದ ಬಟನ್ನು ಅಗಲದ ಅಂಕೆಯನ್ನು ಚುಕ್ಕೆಯಿಂದ ಎಣಿಸುವುದಿಲ್ಲ, ಅಕ್ಷರದಿಂದ ಎಣಿಸುತ್ತದೆ. ಮುನ್ನೂರ ಎಂಬತ್ತು ಎಂದರೆ ಮುನ್ನೂರ ಎಂಬತ್ತು ಅಕ್ಷರ ಹಿಡಿಸುವಷ್ಟು ಜಾಗ. ಅಷ್ಟು ಅಕ್ಷರದಲ್ಲಿ ಸಾವಕಾರರ ಏಳು ತಲೆಮಾರಿನ ಹೆಸರು ಬರೆಯಬಹುದಿತ್ತು. ಕಾಜಲ ಅದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದು ಎರಡು ಗೆರೆ ಎಳೆದಳು: 'ಅಗಲ ಅಂದರೆ ಅಕ್ಷರ'.

ಗುರುವಾರ ಬೆಳಿಗ್ಗೆ, ಕೆಂಪು ಶಾಯಿಯ ಪಾಠ ನೆನಪಿಟ್ಟುಕೊಂಡು, ಅಣ್ಣನ ಬಟನ್ನಿನ ಅಗಲ ಇಳಿಸಿ, ಬಸವಪ್ರಸಾದರ ಬಟನ್ನಿಗೆ ಫೋಟೋ ಹಾಕಿದಳು. ಮೊಬೈಲಿನ ಫೋಟೋ ಎಷ್ಟು ದೊಡ್ಡದಿತ್ತೆಂದರೆ ಬರೀ ಮೀಸೆಯೇ ಪರದೆ ತುಂಬಿತು. ಅದನ್ನು ಕುಗ್ಗಿಸಿ ಹದಕ್ಕೆ ತಂದಳು. ಅಗಲ ಇಪ್ಪತ್ತು ಅಕ್ಷರ ಸಾಕೆಂದು ಇಪ್ಪತ್ತು ಬರೆದಳು. ಓಡಿಸಿದಳು.

ಪರದೆಯ ಮೇಲೆ ಬಾಗಿಲ ಸಂದಿಯಲ್ಲಿ ನಿಂತು ಇಣುಕಿದಂತೆ ಬಸವಪ್ರಸಾದ ಸಾವಕಾರರ ಒಂದು ಸೀಳು ಕಾಣಿಸಿತು. ಮೇಲೆ ಒಂದಿಷ್ಟು ವಿಭೂತಿ, ನಡುವೆ ಮೂಗು, ಕೆಳಗೆ ಮೀಸೆಯ ಮಧ್ಯಭಾಗ. ಕಣ್ಣಿಲ್ಲ, ಕಿವಿಯಿಲ್ಲ, ಕೆನ್ನೆಯಿಲ್ಲ. ಬಟನ್ನಿನ ಮೇಲೆ ಅಕ್ಷರ ಇರುವ ತನಕ ಅಗಲವನ್ನು ಅಕ್ಷರದಿಂದ ಎಣಿಸುವ ಆ ಪದ್ಧತಿ, ಚಿತ್ರ ಹಾಕಿದ ಕೂಡಲೇ ಚುಕ್ಕೆಯಿಂದ ಎಣಿಸತೊಡಗುತ್ತದೆಂದು ಕೆಂಪು ಶಾಯಿಯ ಪುಟದಲ್ಲಿ ಇರಲಿಲ್ಲ.

ಅವಳು ತಿದ್ದುವ ಮೊದಲೇ ಒಂದು ಗಾಡಿ ಬಂತು. ಪಾಯಪ್ಪ ಪ್ಲಾಸ್ಟಿಕ್ಕಿನ ಮೌಸು ಹಿಡಿದು, ಪರದೆ ನೋಡಿ, ಏನೂ ಅನ್ನದೆ ಒತ್ತಿದ. ತೂಕ ಸರಿಯಾಗಿ ಸೇರಿತು. ಅವನು ಬಾಗಿಲ ಕಡೆ ತಿರುಗಿ ಹಮಾಲರಿಗೆ ಕೂಗಿ ಹೇಳಿದ: "ಸಣ್ಣ ಸಾವಕಾರ್ರ ಮೂಗು ಒತ್ತೇನಿ, ಚೀಲ ಒಳಗ ಒಯ್ರಿ!"

ಹಮಾಲರು ಚೀಲ ಇಳಿಸಿಟ್ಟು ನಕ್ಕರು. ಅಷ್ಟರಲ್ಲಿ ಬಸವಪ್ರಸಾದರು ಬಾಗಿಲಲ್ಲೇ ನಿಂತಿದ್ದರು.

"ಕಾಜಲ," ಎಂದರು, ಬಹಳ ಸಣ್ಣ ದನಿಯಲ್ಲಿ. "ಉಳದ ನಾನು ಎಲ್ಲಿ ಅದೇನಿ?"

"ಒಳಗ ಅದೀರಿ ಸಾವಕಾರ್ರ. ಕಾಣವಲ್ಲಿರಿ ಅಷ್ಟ."

"ಫೋಟೋ ತಗಿ. ಹೆಸರ ಇರಲಿ."

ಶುಕ್ರವಾರ ಆರಗದಿಂದ ಮಿರಜಕ್ಕೆ ಬರುವ ಬಸ್ಸು ಕಿಕ್ಕಿರಿದಿತ್ತು. ಮನೆಯಿಂದ ಹೊರಡುವಾಗ ಕೆಂಪವ್ವ ರೊಟ್ಟಿ ಕಟ್ಟಿಕೊಡುತ್ತ ಬುದ್ಧಿ ಹೇಳಿದ್ದಳು: "ಹಿರೇರ ಎದುರಿಗೆ ಮಾತಾಡಬ್ಯಾಡ. ಅವರ ಬೆನ್ನ ಹಿಂದನೂ ಮಾತಾಡಬ್ಯಾಡ. ಒಟ್ಟ ಮಾತಾಡಬ್ಯಾಡ." ಇಬ್ಬರು ಕೂರುವ ಸೀಟಿನಲ್ಲಿ ಮೂರನೆಯವಳಾಗಿ ಅಂಚಿಗೆ ಕೂತ ಕಾಜಲ, ಒಬ್ಬೊಬ್ಬರೂ ತಮ್ಮ ಗಾತ್ರ ತಾವೇ ಹೇಳುತ್ತ ಹೋದರೆ ಕೊನೆಯವರು ಕೆಳಗೆ ಬೀಳುವುದೇ ಸರಿ ಎಂದುಕೊಂಡಳು. ಸೀಟನ್ನೇ ಮೊದಲು ಪಾಲು ಮಾಡಬೇಕು. ಯಾರಿಗೆ ಎಷ್ಟು ಪಾಲೋ ಅಷ್ಟರಲ್ಲಿ ಅವರು ಕೈಕಾಲು ಚಾಚಿ ತುಂಬಿಕೊಳ್ಳಬೇಕು. ಪರದೆಯ ಕಿಟಕಿಯೂ ಹಾಗೆಯೇ, ಅದು ಹಿಗ್ಗಿದರೆ ಎಲ್ಲರೂ ಹಿಗ್ಗಬೇಕು, ಕುಗ್ಗಿದರೆ ಎಲ್ಲರೂ ಕುಗ್ಗಬೇಕು. ಹಾಗೆ ಪಾಲು ಹಾಕುವ ಬೇರೊಂದು ಪದ್ಧತಿ ಪೈಥಾನಿನಲ್ಲಿ ಇದ್ದೇ ಇತ್ತು. ಅಂದು ಸಂಜೆಯೊಳಗೆ ಅವಳು ಇಡೀ ಕಿಟಕಿಯನ್ನು ಹೊಸದಾಗಿ ಬರೆದಳು. ಈಗ ಅಗಲದ ಅಂಕೆಯೇ ಬೇಡ. ಪಾಲಿನ ಅಂಕೆ ಬದಲಿಸಿದರೆ ಸಾಕು. ಇಬ್ಬರಿಗೂ ಒಂದೊಂದು ಪಾಲು ಕೊಟ್ಟಳು.

ಶನಿವಾರ ಹನ್ನೊಂದು ಗಂಟೆಗೆ ಸರುಬಾಯಿ ಮಿರಜದಿಂದ ರಿಕ್ಷಾದಲ್ಲಿ ಬಂದಳು. ಕೈಯಲ್ಲಿ ಕಾಯಂ ಪತ್ರವಿತ್ತು. ತಮ್ಮಂದಿರಿಬ್ಬರೂ ಅವಳ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ಕೂತರು. ಕಾಜಲ ಕಿಟಕಿ ತೆರೆದಳು. ಒಪ್ಪವಾದ ಎರಡು ಬಟನ್, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ನಂದ ಆತು," ಎಂದರು ಬಸವಪ್ರಸಾದರು ತಕ್ಷಣ.

ಕಾಡಪ್ಪನವರು ಎದೆಯ ಮೇಲೆ ಕೈಕಟ್ಟಿದರು. "ನಂದ ಆಗಲಿಲ್ಲ. ಮೊನ್ನೆ ಇದ್ದ ಬಟನ್ ಎಲ್ಲಿ ಹೋತು?"

"ಅದು ತಪ್ಪಿತ್ರಿ ಸಾವಕಾರ್ರ."

"ನನಗ ಅದ ಸರಿ ಇತ್ತು. ಹೋಗಲಿ, ಎರಡು ಬೆರಳರ ಎಲ್ಲಿ? ಅಕ್ಕಾ, ನೀನ ಹೇಳು. ಅಪ್ಪ ಹಾಕಿದ ಪದ್ಧತಿ ಹೌದೋ ಅಲ್ಲೋ? ಮನ್ಯಾಗ ಹಿರೇರದು ದೊಡ್ಡದಿರಬೇಕೋ ಬ್ಯಾಡೋ?"

"ಹೌದಪ್ಪಾ, ಇರಬೇಕು," ಎಂದಳು ಸರುಬಾಯಿ, ಪತ್ರವನ್ನು ನಿಧಾನವಾಗಿ ಮತ್ತೆ ಚೀಲದೊಳಗೆ ಇಳಿಸುತ್ತ. "ಇಬ್ಬರೂ ಅನ್ನಬೇಕು ಕಾಜಲ. ನಾ ಮೊದಲ ಹೇಳೇನಿ."

ಪತ್ರದ ಅರ್ಧ ಚೀಲದೊಳಗೆ ಹೋಗಿತ್ತು. ಕಾಜಲ ಅದನ್ನೇ ನೋಡುತ್ತಿದ್ದಳು. ಆಗ ಹೊರಗೆ ಒಂದು ಗಾಡಿ ಹಾರ್ನ್ ಹೊಡೆದು ನಿಂತಿತು, ಕಾಟಾದ ಕಡೆಯಿಂದ ಪಾಯಪ್ಪನ ಕೂಗು ಬಂತು.

"ಖಂಡೇರಾಜುರಿಯಿಂದ ಮಾಲು ಬಂದೈತ್ರಿ! ಹನ್ನೆರಡು ಚೀಲ, ಸರು ಅಕ್ಕಾರ ಹೆಸರಲೆ! ಯಾರ ಮೂಗು ಒತ್ತಲಿ?"

ಗುರುವಾರದಿಂದ ಅವನು ಎಲ್ಲ ಬಟನ್ನುಗಳಿಗೂ ಮೂಗೆಂದೇ ಅನ್ನುತ್ತಿದ್ದ.

ಪರದೆಯ ಮೇಲೆ ಮೂರನೆಯ ಬಟನ್ ಇರಲಿಲ್ಲ. ಸರುಬಾಯಿಯ ಹೆಸರಿನಲ್ಲೂ ಅರಿಶಿನ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹಳೆಯ ರಿಜಿಸ್ಟರಿನಲ್ಲಿ ಅವಳಿಗೆ ಬೇರೆ ಪುಟವಿರಲಿಲ್ಲ. ಕಾಡಪ್ಪನವರ ಪುಟದ ಅಂಚಿನಲ್ಲಿ ಸಣ್ಣದಾಗಿ 'ಅಕ್ಕ' ಎಂದು ಬರೆಯುತ್ತಿದ್ದರು. ಕಾಜಲ ಆ ರಿಜಿಸ್ಟರ್ ನೋಡಿಯೇ ಬಟನ್ ಮಾಡಿದ್ದಳು.

ಸರುಬಾಯಿ ಪರದೆಯ ಹತ್ತಿರ ಬಗ್ಗಿದಳು. "ನಂದೆಲ್ಲಿ?"

"ಈಗ ಮಾಡತೇನ್ರಿ ಅಕ್ಕಾರ," ಎಂದಳು ಕಾಜಲ. ಅವಳ ಮನಸ್ಸಿನಲ್ಲಿ ಯಾವ ಹೂಟವೂ ಇರಲಿಲ್ಲ. ಲೆಕ್ಕ ತಪ್ಪಬಾರದೆಂಬ ಒಂದೇ ಕಾಳಜಿಯಿಂದ ಕಾಡಪ್ಪನವರ ಕಡೆ ತಿರುಗಿದಳು. "ಸಾವಕಾರ್ರ, ಆರು ವರ್ಷಕ್ಕ ಎರಡು ಬೆರಳು ಅಂದ್ರ ಒಂದು ಬೆರಳಿಗೆ ಮೂರು ವರ್ಷ ಆತ್ರಿ. ಅಕ್ಕಾರು ನಿಮಗಿಂತ ಒಂಬತ್ತು ವರ್ಷ ದೊಡ್ಡವರು. ಅಂದ್ರ ನಿಮ್ಮದಕ್ಕಿಂತ ಮೂರು ಬೆರಳು ಹೆಚ್ಚ ಅಲ್ರಿ?"

ಕಾಡಪ್ಪನವರು ಬೆರಳು ಮಡಚಿ ಎಣಿಸಿದರು. ಎಣಿಕೆ ಮೂರಕ್ಕೇ ಬಂದು ನಿಂತಿತು.

ಕಾಜಲ ಅದನ್ನೇ ಒಪ್ಪಿಗೆ ಎಂದು ತಿಳಿದಳು. ಬೆರಳಿಗೊಂದು ಪಾಲಿನಂತೆ ತಮ್ಮನಿಗೆ ನಾಲ್ಕು ಪಾಲು, ಅಣ್ಣನಿಗೆ ಆರು, ಅಕ್ಕನಿಗೆ ಒಂಬತ್ತು ಎಂದು ಬರೆದು ಓಡಿಸಿದಳು. ಪರದೆಯ ಅರ್ಧದಷ್ಟು ಜಾಗದಲ್ಲಿ 'ಸರುಬಾಯಿ' ಆರಾಮವಾಗಿ ಹರಡಿಕೊಂಡಳು. ಉಳಿದ ಅರ್ಧದಲ್ಲಿ ಇಬ್ಬರು ತಮ್ಮಂದಿರು ಭುಜಕ್ಕೆ ಭುಜ ತಾಗಿಸಿ ಕೂತರು.

ಸರುಬಾಯಿ ಚಶ್ಮಾ ಹಾಕಿಕೊಂಡು ನೋಡಿದಳು. ಚಶ್ಮಾ ತೆಗೆದು ನೋಡಿದಳು. "ಯವ್ವಾ, ಚಶ್ಮಾ ಇಲ್ಲದನ ಓದಾಕ ಬರತೈತಿ!" ಕುರ್ಚಿಯನ್ನು ಗೋಡೆಯ ತನಕ ಹಿಂದೆ ಸರಿಸಿ ನೋಡಿದಳು. "ಇಲ್ಲಿಂದಾನೂ ಕಾಣತೈತಿ. ಇದನ್ನ ಇಟ್ಟುಬಿಡು. ನಾಳೆ ನಮ್ಮ ಓಣಿ ಹೆಣಮಕ್ಕಳನ್ನ ಕರಕೊಂಡು ಬಂದು ತೋರಸ್ತೇನಿ."

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ದಿನಗಳಲ್ಲಿ ಇದೇ ಮೊದಲು.

ಕಾಡಪ್ಪನವರು ಕೆಮ್ಮಿದರು. "ಅಲ್ಲ ಕಾಜಲ, ನಾ ಏನ್ ಹೇಳಾಕ ಹತ್ತಿದ್ನೆಂದ್ರ... ಗಾದಿ ಮಾತ ಬ್ಯಾರೆ, ಕಂಪ್ಯೂಟರ್ ಮಾತ ಬ್ಯಾರೆ. ಕಂಪ್ಯೂಟರಿನಾಗ ಹಿರೇರು ಕಿರೇರು ಅಂತ ಇರಬಾರದು."

"ದಾದಾ ಹೇಳೂದು ಖರೆ ಐತಿ," ಎಂದರು ಬಸವಪ್ರಸಾದರು. "ಮೂರೂ ಸಮಾ ಇರಲಿ."

"ಮತ್ತ ಎರಡು ಬೆರಳು, ಸಾವಕಾರ್ರ?"

"ಬೆರಳು ಬಿಡು!"

ಕಾಜಲ ಮೂವರಿಗೂ ಒಂದೊಂದು ಪಾಲು ಬರೆದಳು. ಮೂರು ಬಟನ್ ಸಮನಾಗಿ ನಿಂತವು. ಗಿಡ್ಡ ಹೆಸರಿಗೆ ಗಿಡ್ಡ, ಉದ್ದ ಹೆಸರಿಗೆ ಉದ್ದ ಎಂಬುದಿಲ್ಲ. ಕಿಟಕಿಯ ಅಂಚು ಹಿಡಿದು ಎಳೆದಳು, ಮೂರೂ ಒಟ್ಟಿಗೆ ಹಿಗ್ಗಿದವು. ಒಳಕ್ಕೆ ತಳ್ಳಿದಳು, ಮೂರೂ ಒಟ್ಟಿಗೆ ಕುಗ್ಗಿದವು.

"ಆತು," ಎಂದರು ಕಾಡಪ್ಪನವರು.

"ಆತು," ಎಂದರು ಬಸವಪ್ರಸಾದರು, ಅಕ್ಕನಿಗೆ ಕೇಳಿಸುವಂತೆ ಇನ್ನೊಮ್ಮೆಯೂ ಅಂದರು.

ಪಾಯಪ್ಪ ಒಳಗೆ ಬಂದು ಮೌಸು ಹಿಡಿದು, ನಡುವಿನ ಮೂಗೋ ಬಲಗಡೆಯ ಮೂಗೋ ಎಂದು ಕೇಳಿ, ಬಲಗಡೆಯದನ್ನು ಒತ್ತಿದ. ಹನ್ನೆರಡು ಚೀಲ ಸರುಬಾಯಿಯ ಹೆಸರಿಗೆ ಸೇರಿದವು.

ಸರುಬಾಯಿ ಮಾತ್ರ ಸಪ್ಪಗಾಗಿದ್ದಳು. "ಆಗ ಇದ್ದದ್ದ ಛಲೋ ಇತ್ತು," ಎಂದಳು. "ನನ್ನ ಕೇಳಿದ್ರ ನಾ ಆತು ಅಂತಿದ್ದಿಲ್ಲ."

"ನಿನ್ನ ಕೇಳಬೇಕಂತ ಕರಾರಿನಾಗ ಇಲ್ಲ ಅಕ್ಕಾ," ಎಂದರು ಕಾಡಪ್ಪನವರು. "ತಮ್ಮಂದಿರು ಇಬ್ಬರೂ ಅನ್ನಬೇಕು ಅಂದಾಕಿ ನೀನ."

ಸರುಬಾಯಿ ಚೀಲದಿಂದ ಪತ್ರ ಹೊರಗೆಳೆದು ಮೇಜಿನ ಮೇಲೆ ಹಾಸಿದಳು. ಬಸವಪ್ರಸಾದರ ಕಿಸೆಯಿಂದ ಪೆನ್ನು ಕಿತ್ತುಕೊಂಡಳು. ಸಹಿಗೆಂದು ಕೆಳಗೆ ಒಂದು ಸಣ್ಣ ಗೆರೆ ಎಳೆದಿತ್ತು. ಅವಳು ಆ ಗೆರೆಯ ಗೊಡವೆಗೇ ಹೋಗದೆ ಎಡ ಅಂಚಿನಿಂದ ಶುರುಮಾಡಿ, ತೋಳೆತ್ತಿ, ಒಂದೊಂದು ಅಕ್ಷರವನ್ನೂ ಹಪ್ಪಳದಷ್ಟು ಅಗಲ ಬರೆಯುತ್ತ ಬಲ ಅಂಚಿಗೆ ಮುಟ್ಟಿಸಿದಳು. ಕೊನೆಯ 'ಯಿ' ಕಾಗದ ದಾಟಿ ಸ್ವಲ್ಪ ಮೇಜಿನ ಮೇಲೂ ಹೋಯಿತು.

"ಇದನ್ನ ಸಮಾ ಮಾಡಂತ ಯಾರರ ಅನ್ನಾವ್ರ ಅದೀರೇನ?" ಎಂದು ತಮ್ಮಂದಿರನ್ನು ನೋಡಿದಳು.

ಬಸವಪ್ರಸಾದರು ತಮ್ಮ ಪೆನ್ನು ಇಸಿದುಕೊಂಡು ಕಿಸೆಗೆ ಹಾಕಿಕೊಂಡರು. ಕಾಜಲ ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಸಂಬಳದ ಸಾಲು, ರಜೆಯ ಸಾಲು, ಅವಳ ಹೆಸರಿನ ಅರ್ಧ, ಎಲ್ಲ ಸಹಿಯ ಅಡಿಯಲ್ಲಿ ಮುಳುಗಿ ಹೋಗಿದ್ದವು. 'ಬಾ'ದ ಹೊಟ್ಟೆಯೊಳಗಿನ ಖಾಲಿ ಜಾಗದಲ್ಲಿ 'ಕಾಯಂ' ಎಂಬ ಪದ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅದನ್ನು ಮೂರು ಸಲ ಓದಿ, ಶಾಯಿ ಆರಲೆಂದು ಊದತೊಡಗಿದಳು.